ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಕೋಡ್ ನಕಲು: ಸಾಫ್ಟ್‌ವೇರ್ ಹಾಕಿ ಹಿಡಿಯುವುದೋ, ಅಂಕ ಕೊಡುವ ಕ್ರಮವನ್ನೇ ಬದಲಿಸುವುದೋ?

ಮೂರನೇ_ಸೆಮ್

ವಿಟಿಯು 2022ರ ಸ್ಕೀಮ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಬಗ್ಗೆ ಸಲಹೆ ಬೇಕು. ಎರಡು ಸೆಕ್ಷನ್, ಒಂದೊಂದರಲ್ಲಿ 60 ಮಂದಿ, 20ರಂತೆ ಮೂರು ಬ್ಯಾಚ್, ವಾರಕ್ಕೆ ಎರಡು ಗಂಟೆ. ಯಂತ್ರಗಳಲ್ಲಿ ಉಬುಂಟು 20.04, ಸಿ ಭಾಷೆಗೆ ಜಿಸಿಸಿ ಕಂಪೈಲರ್. 12 ಪ್ರೋಗ್ರಾಂಗಳೂ ಸಿಲಬಸ್‌ನಲ್ಲೇ ಅಚ್ಚಾಗಿವೆ. ಉತ್ತರ ಬ್ಲಾಗುಗಳಲ್ಲಿದೆ, ಗಿಟ್‌ಹಬ್‌ನಲ್ಲಿದೆ, ಸೀನಿಯರ್‌ಗಳ ರೆಕಾರ್ಡಿನಲ್ಲಿದೆ; ಕೇಳಿದರೆ ಚಾಟ್‌ಜಿಪಿಟಿ ಬರೆದೂ ಕೊಡುತ್ತದೆ. ಈ ಸೆಮಿಸ್ಟರ್‌ನಿಂದ ಕೋಡುಗಳ ನಡುವಿನ ಹೋಲಿಕೆ ಹುಡುಕುವ ‘ಮಾಸ್’ ತಂತ್ರಾಂಶ ಬಳಸೋಣ ಎಂಬ ಮಾತು ವಿಭಾಗದಲ್ಲಿ ನಡೆದಿದೆ. ಅದನ್ನು ಹೇಗೆ ಓಡಿಸಿದರೆ ಸರಿ? ಎಷ್ಟು ಶೇಕಡಾ ಹೋಲಿಕೆ ದಾಟಿದರೆ ನಕಲು ಎನ್ನಬಹುದು?

ಟೋಕನ್_ಲೆಕ್ಕ

ಎರಡನೆಯದಕ್ಕೆ ಮೊದಲು ಉತ್ತರ: ಅಂಥ ಶೇಕಡಾ ಇಲ್ಲ. ಒಂದು ಪ್ರಶ್ನೆಗೆ ಸಹಜವಾಗಿ ಎಷ್ಟು ಹೋಲಿಕೆ ಬರುತ್ತದೆ ಎನ್ನುವುದು ಆ ಪ್ರಶ್ನೆಯ ಮೇಲೆ ನಿಂತಿದೆ. ಟವರ್ ಆಫ್ ಹನೋಯಿ ಒಗಟಿನ ಪುಟ್ಟ ಪ್ರೋಗ್ರಾಂ ಅನ್ನು ಸಾವಿರ ಜನ ಸ್ವಂತ ಬುದ್ಧಿಯಿಂದ ಬರೆದರೂ ಒಂದೇ ಥರ ಇರುತ್ತದೆ. ಪಾಲಿನಾಮಿಯಲ್ ಕೂಡಿಸುವ ಪ್ರೋಗ್ರಾಂನಲ್ಲಿ ಇಬ್ಬರದು ಸಾಲಿಗೆ ಸಾಲು ಕೂಡಿದರೆ ಅನುಮಾನಕ್ಕೆ ಅರ್ಥವಿದೆ. ಆದ್ದರಿಂದ ಶೇಕಡಾ ಬಿಟ್ಟು, ಹೊಂದಿಕೊಂಡ ಸಾಲುಗಳ ಸಂಖ್ಯೆಯ ಪ್ರಕಾರ ಜೋಡಿಗಳನ್ನು ಇಳಿಕೆ ಕ್ರಮದಲ್ಲಿ ನೋಡಿ. ತುದಿಯಲ್ಲಿ ಕೆಲವು ಜೋಡಿ ಉಳಿದವರಿಂದ ದೂರ ನಿಂತಿದ್ದರೆ ಅವನ್ನು ಕಣ್ಣಿನಿಂದ ಓದಿ. ಹಾಗೆ ಯಾವುದೂ ಬೇರೆಯಾಗಿ ನಿಲ್ಲದಿದ್ದರೆ ಆ ಪ್ರೋಗ್ರಾಂಗೆ ಮಾಸ್ ಉಪಯೋಗಕ್ಕೆ ಬರಲಿಲ್ಲ ಎಂದುಕೊಂಡು ಮುಂದೆ ಹೋಗಿ.

ಇನ್ನು ಓಡಿಸುವುದು. ಮಾಸ್ ಸ್ಟ್ಯಾನ್‌ಫರ್ಡ್‌ನ ಸರ್ವರ್ ಮೇಲಿದೆ. ಅಲೆಕ್ಸ್ ಐಕನ್ 1994ರಲ್ಲಿ ಕಟ್ಟಿದ್ದು. ಇಮೇಲ್ ಕಳಿಸಿ ನೋಂದಾಯಿಸಿಕೊಂಡರೆ ಒಂದು ಪರ್ಲ್ ಸ್ಕ್ರಿಪ್ಟ್ ಬರುತ್ತದೆ, ಅದರಿಂದ ಕಡತ ಕಳಿಸಬೇಕು. ಗಮನಿಸಬೇಕಾದವು:

ಮೊದಲನೆಯದು ‘ಎಂ’ ಆಯ್ಕೆ. ಒಂದು ತುಣುಕು ಇಷ್ಟಕ್ಕಿಂತ ಹೆಚ್ಚು ಜನರ ಕೋಡಿನಲ್ಲಿ ಕಂಡರೆ ಅದನ್ನು ಮೇಷ್ಟ್ರು ಕೊಟ್ಟ ಕೋಡೆಂದು ತಿಳಿದು ಮಾಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮ್ಮನೆ ಬಿಟ್ಟರೆ ಅದು 10. ಎಂದರೆ 15 ಮಂದಿ ಒಂದೇ ಬ್ಲಾಗಿನಿಂದ ಎತ್ತಿದ್ದರೆ ಆ 15 ಮಂದಿಯೂ ಪಾರು, ಇಬ್ಬರೇ ಹಂಚಿಕೊಂಡಿದ್ದರೆ ಸಿಕ್ಕಿಬೀಳುತ್ತಾರೆ! ಪ್ರೋಗ್ರಾಂಗಳ ಪಟ್ಟಿ ಎಲ್ಲರಿಗೂ ಮೊದಲೇ ಗೊತ್ತಿರುವ ನಿಮ್ಮಂಥ ಲ್ಯಾಬಿಗೆ ಇದು ತೀರಾ ತಿರುಗುಮುರುಗು. ಮೊದಲ ಸಲ ಓಡಿಸುವಾಗ 1000 ಎಂದು ಕೊಡಿ.

ಎರಡನೆಯದು ‘ಬಿ’ ಆಯ್ಕೆ. ನೀವೇ ಕೊಟ್ಟ ಸ್ಟ್ರಕ್ಟ್ ವ್ಯಾಖ್ಯೆ, ಮೆನು ತೋರಿಸುವ ಮೇನ್ ಫಂಕ್ಷನ್ ಇದ್ದರೆ ಅದನ್ನು ಬೇಸ್ ಕಡತವಾಗಿ ಕೊಡಿ. ಇಲ್ಲದಿದ್ದರೆ ಎಲ್ಲರೂ ಎಲ್ಲರಿಗೂ ಹೋಲುತ್ತಾರೆ.

ಮೂರನೆಯದು, ಹೋಲಿಕೆಯ ರಾಶಿಯೊಳಗೆ ಹೋದ ವರ್ಷದ ಸಲ್ಲಿಕೆಗಳನ್ನೂ, ಹುಡುಕಿದಾಗ ಮೊದಲು ಸಿಗುವ ಬ್ಲಾಗುಗಳ ಕೋಡನ್ನೂ ಸೇರಿಸಿ. ಅದೇ ಪ್ರಶ್ನೆಯನ್ನು ಎಐಗೆ ಕೇಳಿ ಬಂದ ಮೂರು ನಾಲ್ಕು ಉತ್ತರಗಳನ್ನೂ ಹಾಕಿ. ಕಡತದ ಹೆಸರಿನಲ್ಲೇ ‘ಬ್ಲಾಗ್1’, ‘ಎಐ2’ ಎಂದಿದ್ದರೆ ವರದಿ ಓದುವುದು ಸುಲಭ.

ಫಲಿತಾಂಶದ ಪುಟ 14 ದಿನ ಇರುತ್ತದೆ, ಅಷ್ಟರೊಳಗೆ ಉಳಿಸಿಕೊಳ್ಳಿ. ಲಿಂಕ್ ಗೊತ್ತಿದ್ದವರೆಲ್ಲ ಅದನ್ನು ತೆರೆಯಬಹುದು; ಹಾಗಾಗಿ ಕಳಿಸುವ ಮೊದಲು ಕಡತದ ಹೆಸರು, ಮೇಲಿನ ಕಾಮೆಂಟ್ ಎರಡರಿಂದಲೂ ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ತೆಗೆದು ಕ್ರಮಸಂಖ್ಯೆ ಹಾಕಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ನಿಮ್ಮಲ್ಲೇ ಇರಲಿ.

ಪಾಯಿಂಟರ್_ಪುರಾಣ

ವಿದ್ಯಾರ್ಥಿಗಳ ಕೋಡ್ ಹೊರದೇಶದ ಸರ್ವರಿಗೆ ಹೋಗಬಾರದು ಎನ್ನುವವರಿಗೆ ಜೆಪ್ಲಾಗ್ ಇದೆ. ಜರ್ಮನಿಯ ಕಾರ್ಲ್ಸ್‌ರೂಯಲ್ಲಿ 1996ರಲ್ಲಿ ಶುರುವಾದದ್ದು, ಈಗ ಮುಕ್ತ ತಂತ್ರಾಂಶ. ಒಂದು ಜಾರ್ ಕಡತ, ಜಾವಾ ಇದ್ದರೆ ಸಾಕು, ಎಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಪ್ರತಿಯೊಬ್ಬರಿಗೂ ಒಂದು ಫೋಲ್ಡರ್ ಮಾಡಿ, ಭಾಷೆ ಸಿ ಎಂದು ಹೇಳಿ, ಬೇಸ್ ಕೋಡಿನ ಫೋಲ್ಡರ್ ತೋರಿಸಿದರೆ ಆಯಿತು. ‘ಟಿ’ ಆಯ್ಕೆಯಲ್ಲಿ ಕನಿಷ್ಠ ಎಷ್ಟು ಟೋಕನ್ (ಕೋಡಿನ ಪದ, ಚಿಹ್ನೆಯಂಥ ಬಿಡಿ ತುಣುಕು) ಸತತವಾಗಿ ಕೂಡಬೇಕು ಎಂದು ಹೇಳಬಹುದು. ಅದನ್ನು ಇಳಿಸಿದಷ್ಟೂ ಸುಳ್ಳು ಹೋಲಿಕೆ ಜಾಸ್ತಿ, ಏರಿಸಿದಷ್ಟೂ ನಡುವೆ ಒಂದೊಂದು ಸಾಲು ತುರುಕಿದವರು ತಪ್ಪಿಸಿಕೊಳ್ಳುತ್ತಾರೆ. ಗೆಂಟ್ ವಿಶ್ವವಿದ್ಯಾಲಯದ ಡೋಲೋಸ್ ಕೂಡ ಇದೇ ಕೆಲಸಕ್ಕೆ ಇರುವುದು. ಯಾರು ಯಾರ ಗುಂಪು ಎನ್ನುವುದನ್ನು ಚಿತ್ರದಲ್ಲಿ ಚೆನ್ನಾಗಿ ತೋರಿಸುತ್ತದೆ.

ಸೆಗ್‌ಫಾಲ್ಟ್

ವೇರಿಯಬಲ್ ಹೆಸರು ಬದಲಿಸಿದರೆ ಮಾಸ್‌ಗೆ ಗೊತ್ತಾಗಲ್ಲ ಅಂತಾರಲ್ಲ, ನಿಜವೇ?

ಟೋಕನ್_ಲೆಕ್ಕ

ಅಲ್ಲ. ಹೆಸರು, ಖಾಲಿ ಜಾಗ, ಕಾಮೆಂಟ್ ಎಲ್ಲವನ್ನೂ ಮೊದಲೇ ತೆಗೆದುಹಾಕಿಯೇ ಅದು ಹೋಲಿಸುವುದು. ಒಳಗೆ ನಡೆಯುವುದು ಇಷ್ಟು: ಉಳಿದ ಸರಪಣಿಯನ್ನು ‘ಕೆ’ ಉದ್ದದ ತುಂಡುಗಳಾಗಿ ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಪ್ರತಿ ತುಂಡಿಗೂ ಹ್ಯಾಶ್ (ಆ ತುಂಡಿನಿಂದ ಲೆಕ್ಕಹಾಕಿದ ಒಂದು ಸಂಖ್ಯೆ) ತೆಗೆದು, ‘ಡಬ್ಲ್ಯು’ ಹ್ಯಾಶ್‌ಗಳ ಒಂದೊಂದು ಕಿಟಕಿಯಿಂದಲೂ ಅತಿ ಚಿಕ್ಕದನ್ನು ಬೆರಳಚ್ಚಾಗಿ ಇಟ್ಟುಕೊಳ್ಳುತ್ತದೆ. 2003ರಲ್ಲಿ ಪ್ರಕಟವಾದ ವಿನೋಯಿಂಗ್ ವಿಧಾನ ಇದೇ. ‘ಕೆ’ಗಿಂತ ಚಿಕ್ಕ ಹೋಲಿಕೆ ಎಂದೂ ಕಾಣುವುದಿಲ್ಲ, ‘ಡಬ್ಲ್ಯು + ಕೆ − 1’ ಅಥವಾ ಅದಕ್ಕಿಂತ ಉದ್ದದ ಹೋಲಿಕೆ ಎಂದೂ ತಪ್ಪುವುದಿಲ್ಲ. ಕೆ 5, ಡಬ್ಲ್ಯು 4 ಆದರೆ 8. ಫಂಕ್ಷನ್‌ಗಳ ಜಾಗ ಅದಲುಬದಲು ಮಾಡಿದರೂ ತುಂಡುಗಳು ಹಾಗೇ ಉಳಿಯುವುದರಿಂದ ಸಿಕ್ಕಿಬೀಳುತ್ತಾರೆ. ತಪ್ಪಿಸಿಕೊಳ್ಳುವುದು ಎರಡು ಥರದಲ್ಲಿ: ಪ್ರತಿ ಎರಡು ಮೂರು ಸಾಲಿಗೊಂದು ಕೆಲಸಕ್ಕೆ ಬಾರದ ಸಾಲು ತುರುಕುವುದು, ಇಲ್ಲವೇ ಎಐ ಹತ್ತಿರ ‘ಇದನ್ನೇ ಬೇರೆ ಥರ ಬರೆದುಕೊಡು’ ಎನ್ನುವುದು. ಮೊದಲನೆಯದು ಓದುವಾಗ ಕಣ್ಣಿಗೆ ಬೀಳುತ್ತದೆ. ಎರಡನೆಯದಕ್ಕೆ ಈ ಉಪಕರಣಗಳಲ್ಲಿ ಮದ್ದಿಲ್ಲ.

ಧಾರವಾಡದಾಕಿ

ಅಲ್ರೀ ಸರ, ಪಟ್ಟಿ ಊರಿಗೆಲ್ಲಾ ಗೊತ್ತೈತಿ, ಉತ್ತರಾನೂ ಊರಿಗೆಲ್ಲಾ ಗೊತ್ತೈತಿ. ಹಂಗಿದ್ದಮ್ಯಾಲೆ ಎರಡು ಕೋಡ್ ಒಂದಕ್ಕೊಂದು ಹೋಲತಾವು ಅಂತ ಹಿಡಿದು ಮಾಡೂದೇನೈತಿ? 60 ಮಂದಿಯೊಳಗ 50 ಮಂದಿ ಸಿಗತಾರ. ಅವರಿಗೆಲ್ಲಾ ಸೊನ್ನೆ ಹಾಕಿದ್ರ ಎಚ್‌ಒಡಿ ನಿಮ್ಮನ್ನ ಕರೀತಾರ. ಅಂಕ ಯಾವುದಕ್ಕ ಕೊಡತೀರಿ ಅನ್ನೂದನ್ನ ಮದಲ ಬದಲಸ್ರಿ. ಮನಿಯಿಂದ ತಂದ ಕೋಡಿಗೆ ಕೊಡಬ್ಯಾಡ್ರಿ, ನಿಮ್ಮ ಕಣ್ಣಮುಂದ ಅದನ್ನ ಬದಲ ಮಾಡಿ ತೋರಸಿದ್ರ ಕೊಡ್ರಿ. ಹಂಗ ಮಾಡಿದ್ರ ಎಲ್ಲಿಂದ ತಂದ್ರು ಅನ್ನೂ ಪ್ರಶ್ನೇನ ಬರಂಗಿಲ್ಲ.

ಮೂರನೇ_ಸೆಮ್

ಮೇಡಂ, ಸಿಐಇ (ಸೆಮಿಸ್ಟರ್ ಉದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನ) ಅಂಕಗಳ ಹಂಚಿಕೆ ವಿಟಿಯು ಹೇಳಿದಂತೆ ಇರಬೇಕಲ್ಲ?

ಧಾರವಾಡದಾಕಿ

ಸಿಲಬಸ್ ಕಾಪಿ ಪೂರ್ತಿ ಓದ್ರಿ. ಲ್ಯಾಬ್ ಕೋರ್ಸಿನ ಸಿಐಇ 50 ಅಂಕ. ಅದರಾಗ 30 ಪ್ರಯೋಗ ಮತ್ತ ರೆಕಾರ್ಡಿಗೆ, 20 ಟೆಸ್ಟಿಗೆ. ಒಂದೊಂದು ಪ್ರಯೋಗಕ್ಕ 10 ಅಂಕ ಹಾಕಿ, ಕಡೀಗೆ 30ಕ್ಕ ಇಳಸೂದು. ಆ 10 ಅಂಕ ಹೆಂಗ ಒಡೀಬೇಕು ಅನ್ನೂ ರುಬ್ರಿಕ್ಸ್ ಲ್ಯಾಬ್ ನಡಸೂ ಶಿಕ್ಷಕರ ಮಾಡಬೇಕಂತ ಅದರಾಗನ ಬರದಾರ. ಜಾಗಾ ಅಲ್ಲೇ ಐತಿ. ಬರವಣಿಗಿಗೆ 2, ಓಡಿಸಿ ತೋರಸೂದಕ್ಕ 2, ಮಾರ್ಪಾಡಿಗೆ 4, ಬಾಯಿಮಾತಿನ ಪ್ರಶ್ನೆಗೆ 2. ಸೆಮಿಸ್ಟರಿನ ಮದಲನೇ ವಾರದಾಗನ ಹಾಳಿ ಮ್ಯಾಲೆ ಬರದು ಲ್ಯಾಬಿನ ಗ್ವಾಡಿಗೆ ಹಚ್ಚಿಬಿಡ್ರಿ. ನಡುವ ಬದಲ ಮಾಡಿದ್ರ ಮಾತ್ರ ತಕರಾರು ಬರತೈತಿ.

ಮಲೆನಾಡ_ಮೇಷ್ಟ್ರು

ರುಬ್ರಿಕ್ಸ್ ಒಪ್ಪಿದೆ. ತೊಡಕಿರುವುದು ಸಮಯದಲ್ಲಿ. 20 ಮಕ್ಕಳಿಗೆ ತಲಾ 10 ನಿಮಿಷ ಎಂದರೂ 200 ನಿಮಿಷ. ಲ್ಯಾಬ್ ಇರುವುದೇ 120 ನಿಮಿಷ. ಹಾಗಾಗಿ ಹೀಗೆ ಹೊಂದಿಸಬೇಕು.

ಮೊದಲ 15 ನಿಮಿಷ ಎಲ್ಲರಿಗೂ ಒಟ್ಟಿಗೆ ಮಾರ್ಪಾಡು. ಹೋದ ವಾರ ಅವರೇ ಒಪ್ಪಿಸಿದ ಕಡತ ಸರ್ವರಿನಿಂದ ಅವರವರ ಫೋಲ್ಡರಿಗೆ ಬರುತ್ತದೆ, ಬೇರೆ ಕಡತ ತೆರೆಯುವಂತಿಲ್ಲ, ನೆಟ್ ಬಂದ್. ಮಾರ್ಪಾಡಿನ ಪ್ರಶ್ನೆ ಆರು ಥರದ್ದಿರಲಿ, ಅಕ್ಕಪಕ್ಕದವರಿಗೆ ಒಂದೇ ಬಾರದಂತೆ. ಉತ್ತರವನ್ನು ಸ್ಕ್ರಿಪ್ಟ್ ಪರೀಕ್ಷಿಸುತ್ತದೆ: ಕೊಟ್ಟ ಇನ್‌ಪುಟ್‌ಗೆ ಇಂಥ ಔಟ್‌ಪುಟ್ ಬಂತೇ ಇಲ್ಲವೇ. ಮೆನುವಿನ ಅಕ್ಷರ, ಕೋಲನ್, ಖಾಲಿ ಜಾಗದ ವ್ಯತ್ಯಾಸಕ್ಕೆ ಅಂಕ ಹೋಗಬಾರದೆಂದರೆ ಔಟ್‌ಪುಟ್‌ನ ಕೊನೆಯ ಸಾಲನ್ನು ಮಾತ್ರ ಹೋಲಿಸುವಂತೆ ಮಾಡಿ. ಟೈಮ್‌ಔಟ್ 2 ಸೆಕೆಂಡ್ ಹಾಕಿ. ಲಿಂಕ್ಡ್ ಲಿಸ್ಟ್ ಕೆಡಿಸಿಕೊಂಡವರ ಲೂಪ್ ತಾನಾಗಿ ನಿಲ್ಲುವುದಿಲ್ಲ.

ಆಮೇಲೆ ಎಲ್ಲರೂ ಈ ವಾರದ ಪ್ರೋಗ್ರಾಂ ಮಾಡುತ್ತಿರುವಾಗ ಐದು ಜನರನ್ನು ಕರೆದು ತಲಾ ನಾಲ್ಕು ನಿಮಿಷ ಮಾತಾಡಿಸಿ. 20 ನಿಮಿಷ. ನಾಲ್ಕು ವಾರಕ್ಕೆ ಬ್ಯಾಚ್ ಒಂದು ಸುತ್ತು, 12 ಪ್ರೋಗ್ರಾಂ ಮುಗಿಯುವಷ್ಟರಲ್ಲಿ ಒಬ್ಬೊಬ್ಬರಿಗೂ ಮೂರು ಸರದಿ. ಯಾರ ಸರದಿ ಎಂದು ಮೊದಲೇ ತಿಳಿಯಬಾರದು, ಚೀಟಿ ಎತ್ತಿ. ಮಾಸ್‌ನಲ್ಲಿ ಅನುಮಾನ ಬಂದವರನ್ನು ಆ ಐದರೊಳಗೇ ಸೇರಿಸಿ. ಅನುಮಾನದವರನ್ನೇ ಬೇರೆಯಾಗಿ ಕರೆದರೆ ‘ಸರ್ ಕರೆದರು ಅಂದರೆ ಕಾಪಿ ಹೊಡೆದಿದ್ದಾನೆ’ ಎಂದು ಅರ್ಧ ಗಂಟೆಯಲ್ಲಿ ಇಡೀ ಸೆಕ್ಷನ್‌ಗೆ ಗೊತ್ತಾಗುತ್ತದೆ.

ಸೆಗ್‌ಫಾಲ್ಟ್

ಮಾರ್ಪಾಡು ಅಂದರೆ ಎಂಥದ್ದು ಕೊಡಬೇಕು ಮೇಷ್ಟ್ರೇ? ‘ಮ್ಯಾಕ್ಸ್ 5 ಇದ್ದದ್ದನ್ನು 10 ಮಾಡು’ ಅಂದರೆ ಯಾರು ಬೇಕಾದರೂ ಮಾಡ್ತಾರೆ.

ಮಲೆನಾಡ_ಮೇಷ್ಟ್ರು

ಐದಾರು ಸಾಲಿನಲ್ಲಿ ಮುಗಿಯುವಂಥದ್ದು, ಆದರೆ ಕೋಡ್ ಅರ್ಥವಾಗದೆ ಎಲ್ಲಿ ಕೈಯಿಡಬೇಕೆಂದೇ ತಿಳಿಯದಂಥದ್ದು. ಪಟ್ಟಿಯಲ್ಲಿರುವ ಪ್ರೋಗ್ರಾಂಗಳಿಗೇ ಹೇಳುತ್ತೇನೆ.

4ನೆಯದು, ಇನ್‌ಫಿಕ್ಸ್‌ನಿಂದ ಪೋಸ್ಟ್‌ಫಿಕ್ಸ್, ಎಂದರೆ ನಡುವೆ ಇರುವ ಆಪರೇಟರನ್ನು ಅಕ್ಷರಗಳ ನಂತರ ಬರುವಂತೆ ಬರೆಯುವುದು. ಎ^ಬಿ^ಸಿ ಕೊಡಿ. ಘಾತ ಬಲದಿಂದ ಎಡಕ್ಕೆ ಕೂಡಿಕೊಳ್ಳುವುದರಿಂದ ಎಬಿಸಿ^^ ಬರಬೇಕು. ಎಲ್ಲ ಆಪರೇಟರನ್ನೂ ಒಂದೇ ಪ್ರಿಸಿಡೆನ್ಸ್ ಕೋಷ್ಟಕದಲ್ಲಿ ಹಾಕಿದ ಕೋಡ್ ಎಬಿ^ಸಿ^ ಕೊಡುತ್ತದೆ. ತಪ್ಪಿದ್ದವರಿಗೆ ‘ಸರಿಮಾಡು’, ಸರಿ ಇದ್ದವರಿಗೆ ‘ಮೈನಸ್ಸನ್ನೂ ಬಲದಿಂದ ಎಡಕ್ಕೆ ಮಾಡು, ಎ-ಬಿ-ಸಿ ಕೊಟ್ಟು ತೋರಿಸು’. ಸ್ಟ್ಯಾಕ್ ಪ್ರಿಸಿಡೆನ್ಸ್, ಇನ್‌ಪುಟ್ ಪ್ರಿಸಿಡೆನ್ಸ್ ಎಂದು ಎರಡು ಫಂಕ್ಷನ್ ಇರುವ ಕೋಡನ್ನು ಅರ್ಥವಾಗದೆ ತಂದವರು ಇಲ್ಲಿ ಎರಡನ್ನೂ ಬದಲಿಸಿ ಕೂರುತ್ತಾರೆ.

10ನೆಯದು, ಬೈನರಿ ಸರ್ಚ್ ಟ್ರೀ. ಸಿಲಬಸ್ ಕೊಟ್ಟ ಅಂಕಿಗಳು 6, 9, 5, 2, 8, 15, 24, 14, 7, 8, 5, 2. ಕೊನೆಯ ಮೂರು ಮತ್ತೆ ಬಂದವು. ನೋಡ್ ಎಣಿಸುವ ಫಂಕ್ಷನ್ ಬರೆಸಿ: 9 ಬಂತೋ 12 ಬಂತೋ, ಏಕೆ? ಇದರಲ್ಲೇ ಯಾರು ಓದಿದ್ದಾರೆ, ಯಾರು ಇಲ್ಲ ತಿಳಿಯುತ್ತದೆ. ಸಿಲಬಸ್ ಅಳಿಸುವುದನ್ನು ಕೇಳಿಲ್ಲ. ಹಾಗಾಗಿ ಬಾಯಿಮಾತಿನಲ್ಲಿ ‘9 ಅಳಿಸಿದರೆ ಆ ಜಾಗಕ್ಕೆ ಯಾವುದು ಬರಬಹುದು’ ಎಂದು ಕೇಳಿ. ಎರಡನೆಯ ಸಲ ಬಂದವನ್ನು ಬಿಟ್ಟಿದ್ದರೆ ಬಲಗಡೆಯ ಅತಿ ಚಿಕ್ಕದಾದ 14 ಬರಬಹುದು, ಎಡಗಡೆಯ ಅತಿ ದೊಡ್ಡದಾದ 8 ಕೂಡ ಬರಬಹುದು. ಎರಡೂ ಸರಿ, ಕಾರಣ ಹೇಳಬೇಕು.

12ನೆಯದು, ಹ್ಯಾಶಿಂಗ್. ಲೀನಿಯರ್ ಪ್ರೋಬಿಂಗ್‌ನ (ಜಾಗ ತುಂಬಿದ್ದರೆ ಮುಂದಿನ ಜಾಗ ನೋಡುವುದು) ಹೆಜ್ಜೆ 1 ಇರುವುದನ್ನು 5 ಮಾಡಿಸಿ, ಟೇಬಲ್‌ನ ಗಾತ್ರ ಎಂ 100 ಇರಲಿ. ಆಮೇಲೆ 100ರಿಂದ ಭಾಗಿಸಿದರೆ ಒಂದೇ ಶೇಷ ಬರುವ 21 ಕೀಗಳನ್ನು ಕೊಡಿ. ಹೆಜ್ಜೆ 5 ಆದಾಗ 100ರಲ್ಲಿ ಮುಟ್ಟಲಾಗುವುದು 20 ಜಾಗ ಮಾತ್ರ. 21ನೆಯ ಕೀಗೆ ಕೆಲವರ ಪ್ರೋಗ್ರಾಂ ಕೊನೆಯಿಲ್ಲದೆ ಸುತ್ತುತ್ತದೆ, ಕೆಲವರದು 80 ಜಾಗ ಖಾಲಿ ಇರುವಾಗಲೇ ‘ಟೇಬಲ್ ತುಂಬಿದೆ’ ಎನ್ನುತ್ತದೆ. ಏಕೆಂದು ಎರಡು ವಾಕ್ಯದಲ್ಲಿ ಬರೆಯಲಿ.

7ನೆಯದು, ವಿದ್ಯಾರ್ಥಿಗಳ ವಿವರದ ಲಿಂಕ್ಡ್ ಲಿಸ್ಟ್. ಅದಕ್ಕೆ ಒಂದು ಪುಟ್ಟದು: ಫೋನ್ ನಂಬರ್ ಯಾವ ಟೈಪ್? ಇಂಟ್‌ನ ಮಿತಿ 2147483647, ನಮ್ಮ ಮೊಬೈಲ್ ಸಂಖ್ಯೆಗಳು ಅದರಾಚೆಗಿನವು. ಲಾಂಗ್ ಎಂದಿದ್ದರೆ 64 ಬಿಟ್ ಉಬುಂಟುವಿನಲ್ಲಿ ನಡೆಯುತ್ತದೆ, ವಿಂಡೋಸ್‌ನಲ್ಲಿ ಲಾಂಗ್ 4 ಬೈಟ್ ಆದ್ದರಿಂದ ಕೆಡುತ್ತದೆ. ಲ್ಯಾಬಿನಲ್ಲಿ ಸರಿಯಿದ್ದದ್ದು ಮನೆಯ ಲ್ಯಾಪ್‌ಟಾಪಿನಲ್ಲಿ ಏಕೆ ಕೆಟ್ಟಿತು ಎಂಬುದು ವೈವಾಕ್ಕೆ (ಬಾಯಿಮಾತಿನ ಪರೀಕ್ಷೆಗೆ) ಒಳ್ಳೆಯ ಪ್ರಶ್ನೆ.

ಲ್ಯಾಬ್_ಅಡ್ಮಿನ್

‘ನೆಟ್ ಬಂದ್’ ಎಂದು ಮೇಷ್ಟ್ರು ಎರಡು ಪದದಲ್ಲಿ ಮುಗಿಸಿದರು. ನಿಜವಾದ ಕೆಲಸ ಅಲ್ಲೇ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಲೇಜಿನ ಫೈರ್‌ವಾಲಿನಲ್ಲಿ ಲ್ಯಾಬಿನ ಐಪಿಗಳನ್ನು ತಡೆದರೆ ಸಾಲದು. ಫೋನನ್ನು ಯುಎಸ್‌ಬಿ ಕೇಬಲಿನಿಂದ ಸಿಕ್ಕಿಸಿ ಟೆಥರಿಂಗ್ ಹಾಕಿದರೆ ಅದು ಹೊಸ ನೆಟ್‌ವರ್ಕ್ ಕಾರ್ಡಿನಂತೆ ಬಂದು ಕೂರುತ್ತದೆ, ಕಾಲೇಜಿನ ದಾರಿಯನ್ನೇ ಮುಟ್ಟುವುದಿಲ್ಲ. ಪೆನ್‌ಡ್ರೈವ್ ತಡೆಯಲು ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ನಿಲ್ಲಿಸಿರುತ್ತೀರಿ, ಟೆಥರಿಂಗ್ ಬರುವುದು ಆರ್‌ಎನ್‌ಡಿಐಎಸ್ ಮತ್ತು ಸಿಡಿಸಿ ಈಥರ್ ಮಾಡ್ಯೂಲ್‌ಗಳಿಂದ, ಐಫೋನ್ ಆದರೆ ಅದಕ್ಕೆ ಇನ್ನೊಂದು. ಇವನ್ನೂ ನಿಲ್ಲಿಸಬೇಕು. ಅದಕ್ಕಿಂತ ಗಟ್ಟಿ ದಾರಿ ಎಂದರೆ ಪ್ರತಿ ಯಂತ್ರದಲ್ಲೇ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಔಟ್‌ಪುಟ್ ಪಾಲಿಸಿಯನ್ನು ಡ್ರಾಪ್ ಮಾಡಿ, ಲೂಪ್‌ಬ್ಯಾಕ್ ಮತ್ತು ಪರೀಕ್ಷೆಯ ಸರ್ವರಿನ ಐಪಿ ಎರಡಕ್ಕೆ ಮಾತ್ರ ಅವಕಾಶ ಕೊಡುವುದು. ಆಗ ಯಾವ ಕಾರ್ಡ್ ಬಂದರೂ ಹೊರಗೆ ದಾರಿಯಿಲ್ಲ. ಎಲ್ಲರೂ ಮರೆಯುವುದು ಐಪಿವಿ6. ಐಪಿಟೇಬಲ್ಸ್ ನಿಯಮ ಐಪಿವಿ4ಗೆ ಮಾತ್ರ. ಐಪಿ6ಟೇಬಲ್ಸ್‌ನಲ್ಲೂ ಅದೇ ನಿಯಮ ಹಾಕದಿದ್ದರೆ ಮೊಬೈಲ್ ನೆಟ್‌ವರ್ಕಿನ ಐಪಿವಿ6ನಲ್ಲಿ ಎಲ್ಲವೂ ಸಲೀಸಾಗಿ ತೆರೆಯುತ್ತದೆ. ಬಯಾಸ್‌ಗೆ ಪಾಸ್‌ವರ್ಡ್ ಹಾಕಿ, ಯುಎಸ್‌ಬಿಯಿಂದ ಬೂಟ್ ಆಗದಂತೆ ಮಾಡಿ. ಇಲ್ಲದಿದ್ದರೆ ಲೈವ್ ಪೆನ್‌ಡ್ರೈವ್ ಹಾಕಿದರೆ ಇಷ್ಟೂ ನೀರಿನಲ್ಲಿ ಹೋಮ.

ನೀವು 20.04 ಎಂದಿದ್ದೀರಿ. ಆ ಆವೃತ್ತಿಯಲ್ಲಿ ಹೊಸ ಬಳಕೆದಾರರ ಹೋಮ್ ಫೋಲ್ಡರಿನ ಅನುಮತಿ 755. ಎಂದರೆ ಒಂದೇ ಯಂತ್ರದಲ್ಲಿ ಬೆಳಗಿನ ಬ್ಯಾಚಿನವರು ಬರೆದಿಟ್ಟದ್ದನ್ನು ಮಧ್ಯಾಹ್ನದ ಬ್ಯಾಚಿನವರು ತಮ್ಮ ಲಾಗಿನ್‌ನಿಂದಲೇ ಓದಬಹುದು, ಯಾವ ಹ್ಯಾಕಿಂಗೂ ಬೇಡ. 21.04ರಿಂದ ಅದನ್ನು 750 ಮಾಡಿದ್ದಾರೆ. ಇದ್ದವನ್ನೆಲ್ಲ 700ಕ್ಕೆ (ಮಾಲೀಕನಿಗೆ ಮಾತ್ರ ಪ್ರವೇಶ) ಬದಲಿಸಿ, ಆಡ್‌ಯೂಸರ್ ಸಂರಚನೆಯಲ್ಲಿ ಡಿಐಆರ್ ಮೋಡ್ 0700 ಎಂದು ಬರೆಯಿರಿ. ಎಲ್ಲರೂ ‘ಸ್ಟೂಡೆಂಟ್’ ಎಂಬ ಒಂದೇ ಲಾಗಿನ್ ಬಳಸುವ ಲ್ಯಾಬುಗಳಲ್ಲಿ ಈ ಮಾತೇ ಬೇಡ, ಡೆಸ್ಕ್‌ಟಾಪ್ ಮೇಲೆಯೇ ಹೋದ ಬ್ಯಾಚಿನ ಉತ್ತರ ಬಿದ್ದಿರುತ್ತದೆ. ಟೆಂಪ್ ಫೋಲ್ಡರನ್ನೂ ಬ್ಯಾಚ್ ಬದಲಾದಾಗ ಖಾಲಿ ಮಾಡಿ.

ಸೇಫ್ ಎಕ್ಸಾಮ್ ಬ್ರೌಸರ್ (ಪರೀಕ್ಷೆಯ ವೇಳೆ ಬೇರೇನೂ ತೆರೆಯದಂತೆ ತಡೆಯುವ ತಂತ್ರಾಂಶ) ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದು ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಿಗೆ. ಉಬುಂಟು ಲ್ಯಾಬಿಗೆ ಬರುವುದಿಲ್ಲ.

ಪಾಯಿಂಟರ್_ಪುರಾಣ

ಇದಕ್ಕೆ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಸೇರಿಸಿ. ಹೊರಗಿನ ಗಿಟ್‌ಹಬ್ ಬೇಡ, ಲ್ಯಾಬ್ ಸರ್ವರಿನಲ್ಲೇ ಅದರಂಥದ್ದೇ ಆದ ಗಿಟೀ ಹಾಕಿಕೊಳ್ಳಬಹುದು. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಕೆಲಸದ ಫೋಲ್ಡರನ್ನು ತಾನಾಗಿ ಕಮಿಟ್, ಪುಷ್ ಮಾಡಿಸಿ. ಆಮೇಲೆ ಗಿಟ್ ಲಾಗ್‌ನ ನಮ್‌ಸ್ಟಾಟ್ ನೋಡಿದರೆ ಪ್ರತಿ ಐದು ನಿಮಿಷದಲ್ಲಿ ಎಷ್ಟು ಸಾಲು ಸೇರಿತು, ಎಷ್ಟು ಹೋಯಿತು ಎಂದು ಕಾಣುತ್ತದೆ. ಸ್ವಂತ ಬರೆಯುವವರದು ಏರಿಳಿತವಾಗಿ ಸಾಗುತ್ತದೆ. ಸೊನ್ನೆಯಿಂದ ಒಮ್ಮೆಲೇ 140 ಸಾಲಿಗೆ ನೆಗೆದರೆ ಅಂಟಿಸಿದ್ದು. ಕಮಿಟ್‌ನೊಳಗಿನ ಸಮಯವನ್ನು ವಿದ್ಯಾರ್ಥಿಯೇ ಬೇಕಾದಂತೆ ಬರೆಯಬಹುದಾದ್ದರಿಂದ ಅದನ್ನು ನಂಬಬೇಡಿ. ಸರ್ವರಿಗೆ ಪುಷ್ ತಲುಪಿದ ಸಮಯವನ್ನು ನೋಡಿ.

ಧಾರವಾಡದಾಕಿ

ಅಂಟಿಸಿದ್ದು ಅಂದಕೂಡಲೇ ಕದ್ದದ್ದು ಅಲ್ಲರಿ ಮತ್ತ. ಮನ್ಯಾಗ ಬರದು ತಂದಿರಬಹುದು. ಅದು ಬರೇ ಪ್ರಶ್ನೆ ಕೇಳಾಕ ಒಂದು ನೆಪ.

ಪಾಯಿಂಟರ್_ಪುರಾಣ

ನಿಜ ಮೇಡಂ, ಅಷ್ಟಕ್ಕೆ ಮಾತ್ರ.

ಮೊದಲ_ವರ್ಷದ_ಸಿ

ಮೊದಲ ವರ್ಷದ ಸಿ ಲ್ಯಾಬಿಗೆ ಏನು ಮಾಡುವುದು? ಅಲ್ಲಿನ ಪ್ರೋಗ್ರಾಂಗಳು 20-30 ಸಾಲಿನವು. ಯುಎಸ್‌ಎನ್ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಕೊಡುವ ಯೋಚನೆಯಿದೆ. ಉದಾಹರಣೆಗೆ ಕರೆಂಟ್ ಬಿಲ್ಲಿನ ಪ್ರೋಗ್ರಾಂ. ಮೂಲದಲ್ಲಿ ಮೊದಲ 200 ಯೂನಿಟ್‌ಗೆ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದರೆ ಯೂನಿಟ್‌ಗೆ 1 ರೂಪಾಯಿ, ಮೀಟರ್ ಬಾಬ್ತು 100 ರೂಪಾಯಿ, ಒಟ್ಟು 400 ಮೀರಿದರೆ ಶೇ 15 ಸರ್ಚಾರ್ಜ್. ಯುಎಸ್‌ಎನ್‌ನ ಕೊನೆಯ ಮೂರಂಕಿಯಲ್ಲಿ ಹತ್ತರ ಸ್ಥಾನದ್ದು ಬಿ, ಬಿಡಿ ಸ್ಥಾನದ್ದು ಸಿ ಎಂದಿಟ್ಟುಕೊಂಡು ಮೊದಲ ಹಂತ 150 + 10ಬಿ ಯೂನಿಟ್‌ವರೆಗೆ, ಎರಡನೆಯ ಹಂತ ಅದರ ಮೇಲೆ 50 + 10ಸಿ ಯೂನಿಟ್. ಸರ್ಚಾರ್ಜ್ 10 ಕೂಡಿಸು ಮೂರಂಕಿಯನ್ನು 6ರಿಂದ ಭಾಗಿಸಿದ ಶೇಷ. 350 ಯೂನಿಟ್‌ಗೆ ಬಿಲ್ ಕೇಳಿದರೆ ಎಲ್ಲರದೂ ಬೇರೆ ಬರುತ್ತದಲ್ಲ?

ಟೋಕನ್_ಲೆಕ್ಕ

ಬರುವುದಿಲ್ಲ, ಲೆಕ್ಕ ಹಾಕಿ ನೋಡಿ. ದರಗಳು 80, 90, 100 ಪೈಸೆ ಹಾಗೇ ಇದ್ದರೆ ಎರಡನೆಯ ಹಂತ ದಾಟಿದ ಮೇಲೆ ವಿದ್ಯುತ್ತಿನ ಮೊತ್ತ, ಯೂನಿಟ್‌ನಿಂದ ಎರಡು ಗಡಿಗಳ ಮೊತ್ತದ ಹತ್ತನೇ ಒಂದು ಭಾಗ ಕಳೆದಷ್ಟು. ಗಡಿಗಳ ಮೊತ್ತ 350 + 20ಬಿ + 10ಸಿ. 047ಕ್ಕೆ ಗಡಿಗಳು 190, 310. 063ಕ್ಕೆ 210, 290. ಇಬ್ಬರದೂ ಮೊತ್ತ 500. ಮೂಲ ಪ್ರಶ್ನೆಯ 200, 300ರ ಮೊತ್ತವೂ 500! ಮೂವರಿಗೂ 350 ಯೂನಿಟ್‌ಗೆ 300, ಮೀಟರ್ ಸೇರಿ ಸರಿಯಾಗಿ 400 ರೂಪಾಯಿ. ಮೀರಲಿಲ್ಲವಾದ್ದರಿಂದ ಸರ್ಚಾರ್ಜೂ ಇಲ್ಲ. ಬ್ಲಾಗಿನ ಕೋಡನ್ನು ಒಂದಕ್ಷರ ಬದಲಿಸದೆ ಕೊಟ್ಟವನೂ ಪಾಸು.

ದರವನ್ನೂ ಬದಲಿಸಿ. ಎರಡನೆಯ ಹಂತದ ದರ 85 + ಸಿ ಪೈಸೆ ಮಾಡಿ. ಆಗ 047ಕ್ಕೆ 92 ಪೈಸೆ: 152 + 110.40 + 40 + 100 = 402.40, 400 ಮೀರಿತು, ಸರ್ಚಾರ್ಜ್ ಶೇ 15, ಬಿಲ್ 462.76. 063ಕ್ಕೆ 88 ಪೈಸೆ: 168 + 70.40 + 60 + 100 = 398.40, ಸರ್ಚಾರ್ಜ್ ಇಲ್ಲ. ಒಂದೇ ಯೂನಿಟ್‌ನಿಂದ ಪರೀಕ್ಷಿಸಬೇಡಿ. ಸೊನ್ನೆ, ಎರಡೂ ಗಡಿಗಳು, ಗಡಿಯ ಮೇಲೆ ಒಂದು, ಇಷ್ಟಾದರೂ ಇರಲಿ. ಮೂಲ ಪ್ರಶ್ನೆಗೇ ಆದರೆ 350 ಮತ್ತು 351ರ ಜೋಡಿ ಚೆನ್ನಾಗಿದೆ: ಮೊದಲನೆಯದಕ್ಕೆ 400, ಎರಡನೆಯದಕ್ಕೆ 461.15. ‘ಮೀರಿದರೆ’ ಎಂಬಲ್ಲಿ ‘ಸಮ ಅಥವಾ ಮೀರಿದರೆ’ ಎಂದು ಬರೆದವರಿಗೆ ಮೊದಲನೆಯದೇ 460 ಆಗುತ್ತದೆ. ಲೆಕ್ಕವೆಲ್ಲ ಪೈಸೆಯಲ್ಲಿ, ಇಂಟ್‌ನಲ್ಲಿ ಮಾಡಿಸಿ; ಫ್ಲೋಟ್‌ನಲ್ಲಿ ಗಡಿಯ ಹೋಲಿಕೆ ನಂಬುವಂತಿಲ್ಲ.

ಮೊದಲ_ವರ್ಷದ_ಸಿ

ಒಳ್ಳೆಯದಾಯಿತು ಸರ್. ಮೂಡಲ್ ಎಂಬ ಕಲಿಕಾ ತಾಣದಲ್ಲಿ ಕೋಡನ್ನು ತಾನೇ ಓಡಿಸಿ ಅಂಕ ಕೊಡುವ ಕೋಡ್‌ರನ್ನರ್‌ನಲ್ಲಿ ಈ ಬದಲಾಗುವ ಅಂಕಿಗಳನ್ನು ಹಾಕಬಹುದೇ?

ಮಲೆನಾಡ_ಮೇಷ್ಟ್ರು

ಹಾಕಬಹುದು. ಪ್ರಶ್ನೆಯ ಟೆಂಪ್ಲೇಟ್ ಪ್ಯಾರಾಮೀಟರ್‌ಗಳಲ್ಲಿ ಟ್ವಿಗ್ ಎಂಬ ಟೆಂಪ್ಲೇಟ್ ಭಾಷೆ ಬಳಸಿ. ಪರೀಕ್ಷಾ ಇನ್‌ಪುಟ್‌ಗಳಲ್ಲಿ ಒಂದೆರಡು ಮಾತ್ರ ಕಾಣುವಂತಿಟ್ಟು ಉಳಿದವನ್ನು ಮರೆಮಾಡಿ. ಎಲ್ಲವೂ ಕಂಡರೆ ‘350 ಬಂದರೆ 462.76 ಮುದ್ರಿಸು’ ಎಂದೇ ಬರೆದು ಕೊಡುತ್ತಾರೆ. ಚೆಕ್ ಒತ್ತಿದಷ್ಟೂ ಅಂಕ ಕಳೆಯುವ ಪೆನಾಲ್ಟಿ ಇದೆ, ಮೊದಲ ಎರಡು ಸಲಕ್ಕೆ ಸೊನ್ನೆ ಇಟ್ಟು ಆಮೇಲೆ ಶೇ 10 ಮಾಡಿ. ಆದರೆ ಇಷ್ಟೆಲ್ಲ ಮಾಡಿದರೂ ಅಂಕಿ ಬದಲಿಸುವುದರಿಂದ ತರ್ಕದ ನಕಲು ನಿಲ್ಲುವುದಿಲ್ಲ. ಗೆಳೆಯನ ಕೋಡಿನಲ್ಲಿ ಎಲ್ಲಿ 190 ಇದೆ ಎಂದು ಹುಡುಕಿ ತನ್ನ ಅಂಕಿ ಹಾಕುವಷ್ಟಾದರೂ ಓದಿರುತ್ತಾನೆ, ಅಷ್ಟೇ ಲಾಭ.

ಸೆಗ್‌ಫಾಲ್ಟ್

ಚಿಕ್ಕ ಪ್ರೋಗ್ರಾಂಗಳಲ್ಲಿ ಹೊರಗಿನಿಂದ ತಂದದ್ದರ ಗುರುತು ಬೇರೆ ಕಡೆ ಸಿಗುತ್ತದೆ. ಕೊನಿಯೋ ಹೆಡರ್, ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಇದ್ದರೆ ಟರ್ಬೊ ಸಿ ಕಾಲದ ಮ್ಯಾನ್ಯುಯಲ್. ಉಬುಂಟುವಿನ ಜಿಸಿಸಿಯಲ್ಲಿ ಅದು ಕಂಪೈಲೇ ಆಗುವುದಿಲ್ಲ, ಆದರೂ ರೆಕಾರ್ಡಿನಲ್ಲಿ ಔಟ್‌ಪುಟ್ ಸಮೇತ ಇರುತ್ತದೆ! ಇನ್ನೊಂದು, ‘ಸ್ಟ್ರೇ 342 ಇನ್ ಪ್ರೋಗ್ರಾಂ’ ಎಂಬ ಎರರ್. ವರ್ಡ್ ಅಥವಾ ಪಿಡಿಎಫ್‌ನ ಬಾಗಿದ ಉದ್ಧರಣ ಚಿಹ್ನೆಗಳನ್ನು ಹಾಗೇ ಅಂಟಿಸಿದಾಗ ಬರುವುದು ಅದು. ಕೀಬೋರ್ಡಿನಲ್ಲಿ ಕುಟ್ಟಿದರೆ ಎಡಿಟರಿನಲ್ಲಿ ಆ ಚಿಹ್ನೆ ಬರುವುದಿಲ್ಲ.

ಧಾರವಾಡದಾಕಿ

ಆ ಪಿಡಿಎಫ್ ನಾವ ಕೊಟ್ಟ ಲ್ಯಾಬ್ ಮ್ಯಾನ್ಯುಯಲ್ಲೂ ಆಗಿರತೈತಿ, ನೆನಪಿಟ್ಕೋರಿ.

ಮೂರನೇ_ಸೆಮ್

ಎಐ ಬರೆದದ್ದನ್ನು ಗುರುತಿಸುವ ಉಪಕರಣಗಳು? ಪ್ರಶ್ನೆಪತ್ರಿಕೆಯ ಪಿಡಿಎಫ್‌ನಲ್ಲಿ ಬಿಳಿ ಅಕ್ಷರದಲ್ಲಿ ‘ವೇರಿಯಬಲ್‌ಗೆ ಇಂಥ ಹೆಸರಿಡು’ ಎಂದು ಬರೆದಿಟ್ಟರೆ ಎಐ ಅದನ್ನು ಪಾಲಿಸಿ ಸಿಕ್ಕಿಬೀಳುತ್ತದೆ ಎಂದೂ ಒಬ್ಬರು ಹೇಳಿದರು.

ಟೋಕನ್_ಲೆಕ್ಕ

ಓಪನ್‌ಎಐ ತಾನೇ ಬಿಟ್ಟಿದ್ದ ಗುರುತಿಸುವ ಉಪಕರಣವನ್ನು ನಿಖರತೆ ಕಡಿಮೆಯೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದು ಗದ್ಯಕ್ಕಿದ್ದದ್ದು. ಕೋಡಿನಲ್ಲಿ, ಅದೂ 80 ಸಾಲಿನ ಪಠ್ಯಪುಸ್ತಕದ ಪ್ರೋಗ್ರಾಂನಲ್ಲಿ, ಬರೆಯುವ ರೀತಿಗೆ ಇರುವ ಅವಕಾಶವೇ ಕಡಿಮೆ. ಅಂಥ ಉಪಕರಣದ ಅಂಕಿ ಇಟ್ಟುಕೊಂಡು ಯಾರ ಮೇಲೂ ಆರೋಪ ಹೊರಿಸಬೇಡಿ. ತರಗತಿಯಲ್ಲಿ ಹೇಳದ ಸಂಗತಿ ಬಂದಿದ್ದರೆ, ಉದಾಹರಣೆಗೆ ಡಬಲ್ ಪಾಯಿಂಟರ್‌ನಿಂದ ನೋಡ್ ಅಳಿಸಿದ್ದರೆ, ‘ಇದು ಹೇಗೆ ಕೆಲಸ ಮಾಡುತ್ತದೆ, ಬೋರ್ಡಿನ ಮೇಲೆ ಬರೆದು ತೋರಿಸು’ ಎನ್ನಿ. ತೋರಿಸಿದರೆ ಎಲ್ಲಿಂದ ಕಲಿತರೂ ಕಲಿತದ್ದೇ.

ಬಿಳಿ ಅಕ್ಷರದ ಉಪಾಯ ಬೇಡ. ಕಾಪಿ ಮಾಡಿ ಅಂಟಿಸಿದ ಕ್ಷಣವೇ ಅದು ಕಾಣುತ್ತದೆ, ಎರಡನೇ ವಾರಕ್ಕೆ ಎಲ್ಲರಿಗೂ ಗೊತ್ತು. ಕಣ್ಣು ಕಾಣದ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಅದನ್ನೂ ಪ್ರಶ್ನೆಯ ಭಾಗವೆಂದೇ ಓದಿ ಹೇಳುತ್ತದೆ. ಅವನು ಪಾಲಿಸಿದರೆ ನಿರಪರಾಧಿಯನ್ನು ಹಿಡಿದಂತಾಗುತ್ತದೆ.

ಸೆಗ್‌ಫಾಲ್ಟ್

ಇಷ್ಟೆಲ್ಲ ಯಾಕೆ? ಇಬ್ಬರದೂ ಒಂದೇ ಇದ್ದರೆ ಇಬ್ಬರಿಗೂ ಸೊನ್ನೆ. ಕೊಟ್ಟವನೂ ತಪ್ಪಿತಸ್ಥನೇ.

ಮಲೆನಾಡ_ಮೇಷ್ಟ್ರು

ಕೊಟ್ಟನೋ, ಅವನ ಫೋಲ್ಡರಿನಿಂದ ಎತ್ತಿದರೋ? 755 ಅನುಮತಿಯ ಮಾತು ಮೇಲೆಯೇ ಬಂದಿದೆ. ಹೋಲಿಕೆಯ ವರದಿ ದಿಕ್ಕು ಹೇಳುವುದಿಲ್ಲ. ಇಬ್ಬರನ್ನೂ ಬೇರೆ ಬೇರೆ ಕರೆಯಿರಿ, ಇನ್ನೊಬ್ಬ ಸಹೋದ್ಯೋಗಿ ಜತೆಗಿರಲಿ. ಎರಡೂ ಕೋಡನ್ನು ಅಕ್ಕಪಕ್ಕ ಮುದ್ರಿಸಿ ಮುಂದಿಡಿ. ಸರಿಯಾದ ಸಾಲುಗಳ ಬಗ್ಗೆ ಕೇಳಬೇಡಿ. ತಪ್ಪು ಸಾಲುಗಳ ಬಗ್ಗೆ ಕೇಳಿ. ಇಬ್ಬರಲ್ಲೂ ಬಳಸದೇ ಬಿಟ್ಟ ಅದೇ ವೇರಿಯಬಲ್, ಅದೇ ಕಾಗುಣಿತದ ತಪ್ಪು, ಸಾಲಿನ ಕೊನೆಯ ಅದೇ ಖಾಲಿ ಜಾಗ. ಇವು ತಾನಾಗಿ ಇಬ್ಬರಿಗೂ ಬರುವಂಥವಲ್ಲ. ಉತ್ತರವನ್ನು ಬರೆದುಕೊಂಡು ಅವರಿಂದಲೂ ಸಹಿ ಮಾಡಿಸಿ. ಸೆಕ್ಷನ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹಾಕುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ಮೂರನೇ_ಸೆಮ್

ಕೊನೆಯದಾಗಿ ಎಸ್‌ಇಇ, ಎಂದರೆ ಸೆಮಿಸ್ಟರ್ ಕೊನೆಯ ಪರೀಕ್ಷೆ. ಅಲ್ಲಿ ಚೀಟಿಯಲ್ಲಿ ಬರುವುದು ಪಟ್ಟಿಯ ಪ್ರೋಗ್ರಾಂ ತಾನೇ. ಬಾಯಿಪಾಠ ಮಾಡಿದವರು ಪಾರಾಗುತ್ತಾರಲ್ಲ?

ಧಾರವಾಡದಾಕಿ

ಪಾರಾಗತಾರ. ಬರವಣಿಗಿಗೆ ಶೇ 20, ನಡಸೂದು ಮತ್ತ ಫಲಿತಾಂಶಕ್ಕ 60, ವೈವಾಕ್ಕ 20. ಪ್ರೋಗ್ರಾಂ ಒಂದ ಸಲ ಬದಲ ಮಾಡಿಸ್ಕೋಬಹುದು, ಪ್ರೊಸೀಜರ್ ಅಂಕ ಹೋಗತಾವು. ಪಟ್ಟಿ ಬದಲ ಮಾಡೂದು ನಮ್ಮ ಕೈಯಾಗಿಲ್ಲ. ವೈವಾದ 20 ಐತಿ. ಅವರು ಆಗಷ್ಟ ಟೈಪ್ ಮಾಡಿದ ಕೋಡಿನ ಒಂದು ಸಾಲು ಮುಚ್ಚಿ, ‘ಇದು ಇರದಿದ್ರ ಔಟ್‌ಪುಟ್ ಏನಾಗತೈತಿ’ ಅಂತ ಕೇಳ್ರಿ, ಆಮ್ಯಾಲೆ ಕಾಮೆಂಟ್ ಮಾಡಿ ಓಡಸಾಕ ಹೇಳ್ರಿ. ಸರ್ಕ್ಯುಲರ್ ಕ್ಯೂನಾಗ ಮಾಡ್ಯುಲೋ ಇರೂ ಸಾಲು, ಲಿಂಕ್ಡ್ ಲಿಸ್ಟಿನ್ಯಾಗ ಹೊಸ ನೋಡಿನ ಲಿಂಕ್ ನಲ್ ಮಾಡೂ ಸಾಲು, ಬೈನರಿ ಸರ್ಚ್ ಟ್ರೀಯೊಳಗ ರಿಕರ್ಶನ್ ನಿಲ್ಲೂ ಸಾಲು. ಹೊರಗಿನ ಪರೀಕ್ಷಕರಿಗೂ ಈ ಮೂರು ಸಾಲಿನ ಪಟ್ಟಿ ಮುಂಜಾನೇನ ಕೊಟ್ಟಿಡ್ರಿ.